ಮೋಟಾರು ಸೈಕಲ್ಲಿಗೆ ಮನೆಯಲ್ಲೇ ಬಣ್ಣ: ಎಲ್ಲಿಯವರೆಗೆ?

ಹಳೆಯ ಮೋಟಾರು ಸೈಕಲ್ಲೊಂದನ್ನು ಹಿತ್ತಿಲಿಗೆ ತಂದು ನಿಲ್ಲಿಸಿ, ಅದಕ್ಕೆ ತಾವೇ ಹೊಸ ಬಣ್ಣ ಹಚ್ಚಲು ಹೊರಡುವ ತರುಣರನ್ನು ಕಂಡರೆ ಹಿರಿಯರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. "ಕಸುಬು ಬಲ್ಲವರ ಕೆಲಸ ನಿನಗೇತಕ್ಕೆ?" ಎಂಬುದು ಒಂದು, "ಡಬ್ಬಿ ತಂದು ಸಿಂಪಡಿಸಿದರೆ ಆಯಿತು, ಅದರಲ್ಲೇನಿದೆ?" ಎಂಬುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಈ ಕೆಲಸದ ಬಹುಪಾಲನ್ನು ವಿದ್ಯಾರ್ಥಿಯೊಬ್ಬನು ಮನೆಯಲ್ಲಿಯೇ ಮಾಡಬಹುದು. ಮಾಡುವುದು ಒಳ್ಳೆಯದು ಕೂಡ. ಆದರೆ ಅದರ ಕೊನೆಯ ಒಂದು ಹಂತವನ್ನು ಮಾತ್ರ ಮನೆಯಲ್ಲಿ ಮಾಡಕೂಡದು. ಆ ಹಂತ ಯಾವುದು, ಏತಕ್ಕೆ ಮಾಡಕೂಡದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಇದನ್ನು ಕಲಿತದ್ದು ಸ್ವಂತ ಸೋಲಿನಿಂದ. ಮೈಸೂರಿನಲ್ಲಿ 1961ರಿಂದ ಜಾವಾ ಮೋಟಾರು ಸೈಕಲ್ಲುಗಳು ತಯಾರಾಗತೊಡಗಿದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಅಲ್ಲಿಂದ ಬಂದ ಹಳೆಯ ಗಾಡಿಯೊಂದು ನಮ್ಮ ಮನೆಯಲ್ಲಿತ್ತು. ಕಾಲೇಜಿನ ದಿನಗಳಲ್ಲಿ ಅದರ ಪೆಟ್ರೋಲ್ ಟ್ಯಾಂಕಿಗೆ ಒಂದೇ ಮಧ್ಯಾಹ್ನದಲ್ಲಿ ಹೊಸ ಬಣ್ಣ ಹೊಡೆದೆ. ಸಂಜೆ ಅದು ಕನ್ನಡಿಯಂತೆ ಹೊಳೆಯಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು ಹಪ್ಪಳದಂತೆ ಕಳಚತೊಡಗಿತು. ಅದಲ್ಲದೆ, ಪೆಟ್ರೋಲ್ ತುಂಬುವಾಗ ಹನಿ ಚೆಲ್ಲಿದ ಕಡೆಗಳಲ್ಲೆಲ್ಲ ಬಣ್ಣ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಹೀಗೆ ಒಂದೇ ಟ್ಯಾಂಕಿನ ಮೇಲೆ ಎರಡು ಬಗೆಯ ಸೋಲು. ಮೊದಲನೆಯದಕ್ಕೆ ನನ್ನ ಆತುರ ಕಾರಣ. ಎರಡನೆಯದಕ್ಕೆ ನಾನು ಆರಿಸಿದ ಬಣ್ಣದ ಗುಣವೇ ಕಾರಣ. ಇವೆರಡನ್ನೂ ಬೇರೆ ಬೇರೆಯಾಗಿ ವಿಚಾರಿಸೋಣ.

ವಾಹನದ ಮೇಲಿನ ಬಣ್ಣದ ಪದರಗಳೆಲ್ಲ ಸೇರಿದರೂ ಅವುಗಳ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಇಷ್ಟು ತೆಳುವಾದ ಹೊದಿಕೆ ಕಬ್ಬಿಣವನ್ನು ಕಾಯಬೇಕಾದರೆ ಅದು ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿರಬೇಕು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ದೊರೆತಾಗ ತುಕ್ಕು ಹುಟ್ಟುತ್ತದೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಷ್ಟಾಗಿ ನೆನಪಿನಲ್ಲಿ ಉಳಿಯದ ಸಂಗತಿಯೆಂದರೆ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆಂಬುದು. ಆದುದರಿಂದ ಬಣ್ಣದ ಕೆಳಗೆ ತುಕ್ಕು ಉಳಿದಿದ್ದರೆ ಅದು ಬೆಳೆಯುತ್ತ ಬೆಳೆಯುತ್ತ ಬಣ್ಣವನ್ನು ಒಳಗಿನಿಂದಲೇ ಎತ್ತಿ ಒಡೆಯುತ್ತದೆ. ನನ್ನ ಟ್ಯಾಂಕಿನ ಮೇಲೆ ಎದ್ದ ಗುಳ್ಳೆಗಳ ರಹಸ್ಯ ಇದೇ.

ಆದಕಾರಣ ಬಣ್ಣದ ಕೆಲಸವೆಂದರೆ ಮುಖ್ಯವಾಗಿ ತೊಳೆಯುವ, ಉಜ್ಜುವ, ಕಾಯುವ ಕೆಲಸ. ಮೊದಲು ಸಾಬೂನು ನೀರಿನಿಂದ ಎಣ್ಣೆ ಜಿಡ್ಡುಗಳನ್ನು ತೊಳೆಯಬೇಕು; ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಬಳಿಕ ಮರಳುಕಾಗದ. ಅದರ ಹಿಂಬದಿಯ ಸಂಖ್ಯೆ ಹೆಚ್ಚಿದಷ್ಟೂ ಅದು ನಯವಾದುದು. ತುಕ್ಕು ತೆಗೆಯಲು 80ನೆಯದು, ಗೀರು ಅಳಿಸಲು 180 ಮತ್ತು 320, ಪ್ರೈಮರಿನ ಮೇಲೆ 400 ಅಥವಾ 600: ಹೀಗೆ ಮೆಟ್ಟಿಲು ಹತ್ತಿದಂತೆ ಹೋಗಬೇಕು. ಕಾಗದ ಎಟುಕದ ಮೂಲೆಗಳಲ್ಲಿ ಉಳಿದ ತುಕ್ಕಿಗೆ, ಕೈಗವಸು ತೊಟ್ಟು, ಫಾಸ್ಫಾರಿಕ್ ಆಮ್ಲವುಳ್ಳ ದ್ರಾವಣವನ್ನು ಸವರಿದರೆ ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ.

ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ದೂಳೆಬ್ಬಿಸಬಾರದು. ಮನೆಗಳಿಗೆ ಬಳಿಯುವ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸುವ ನಿಯಮ ಭಾರತದಲ್ಲಿ ಹೊರಬಂದದ್ದೇ 2016ರಲ್ಲಿ. ಹಳೆಯ ವಾಹನಗಳ ಬಣ್ಣದಲ್ಲಿ ಸೀಸವಿರುವ ಸಂಭವ ಸಾಕಷ್ಟಿದೆ. ನೀರು ಹಾಕಿ ಉಜ್ಜಿ, ಕೂಡಲೇ ಒರೆಸಿ ಒಣಗಿಸಿ, ಆ ದಿನವೇ ಪ್ರೈಮರ್ ಬಳಿಯಬೇಕು. ಬಳಿಯುವ ಮುನ್ನ ಒಂದು ಸುಲಭ ಪರೀಕ್ಷೆಯುಂಟು. ಲೋಹದ ಮೇಲೆ ಶುದ್ಧ ನೀರನ್ನು ಹರಿಯಬಿಡಿ. ಅದು ಒಂದೇ ಹಾಳೆಯಂತೆ ಹರಡಿ ನಿಂತರೆ ಮೈ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ.

ಟ್ಯಾಂಕಿನ ಬಗ್ಗೆ ಒಂದು ಎಚ್ಚರಿಕೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ನೂರಕ್ಕೆ 1.4ರಿಂದ 7.6 ಭಾಗದವರೆಗೆ ಇದ್ದಾಗ ಅದು ಕಿಡಿ ತಗುಲಿ ಸಿಡಿಯಬಲ್ಲದು. ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕೇ ಈ ಕಾರಣದಿಂದ ಹೆಚ್ಚು ಅಪಾಯಕರ. ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಬಸಿದು, ಬಾಯಿಗಳನ್ನು ಬಿಗಿಯಾಗಿ ಮುಚ್ಚಿ, ಕೈಯಿಂದಲೇ ಉಜ್ಜಬೇಕು. ಕಿಡಿ ಹಾರಿಸುವ ವಿದ್ಯುತ್ ಯಂತ್ರಗಳು ಅದರ ಹತ್ತಿರ ಸುಳಿಯಕೂಡದು.

ಹವೆಯನ್ನೂ ನೋಡಿಕೊಳ್ಳಬೇಕು. ಮಣ್ಣಿನ ಹೂಜಿಯ ಮೇಲಿಂದ ನೀರು ಆವಿಯಾಗುವಾಗ ಒಳಗಿನ ನೀರು ತಂಪಾಗುವಂತೆ, ಬಣ್ಣದೊಳಗಿನ ತೆಳುಕಾರಕ, ಎಂದರೆ ಥಿನ್ನರ್, ಆವಿಯಾಗುವಾಗ ಬಣ್ಣದ ಮೈ ತಂಪಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಹಾಗೆ ತಂಪಾದ ಮೈಯ ಮೇಲೆ ಇಬ್ಬನಿ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಮಲೆನಾಡಿನ ಆಷಾಢದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಇನ್ನು ಎರಡನೆಯ ಸೋಲು. ನಾನು ಬಳಸಿದ್ದು ಡಬ್ಬಿಯಲ್ಲಿ ಬರುವ ಒಂಟಿ ದ್ರವದ ಮೆರುಗುಬಣ್ಣ. ಅದರಲ್ಲಿ ರಾಳದಂಥ ಪದಾರ್ಥ ತೆಳುಕಾರಕದಲ್ಲಿ ಕರಗಿರುತ್ತದೆ. ತೆಳುಕಾರಕ ಹಾರಿಹೋದರೆ ಬಣ್ಣ ಒಣಗಿತೆಂದು ಅರ್ಥ. ಇಂಥ ಬಣ್ಣಗಳು ಅಮೆರಿಕದಲ್ಲಿ 1923-24ರ ಸುಮಾರಿಗೆ ಮೋಟಾರು ಗಾಡಿಗಳಿಗೆ ಬಂದಾಗ, ಅಲ್ಲಿಯವರೆಗೆ ವಾರಗಟ್ಟಲೆ ಹಿಡಿಯುತ್ತಿದ್ದ ಬಣ್ಣದ ಕೆಲಸ ಬಹಳ ಬೇಗ ಮುಗಿಯುವಂತಾಯಿತು. ಆದರೆ ಬೇಗ ಒಣಗಿಸುವ ಗುಣವೇ ಅದರ ದೋಷವೂ ಹೌದು. ಒಣಗುವಾಗ ರಾಸಾಯನಿಕ ಬದಲಾವಣೆ ಏನೂ ಆಗದಿರುವುದರಿಂದ, ತಕ್ಕ ದ್ರವ ಬಿದ್ದರೆ ಅದು ಮತ್ತೆ ಮೆತ್ತಗಾಗುತ್ತದೆ. ಹಸಿ ಇಟ್ಟಿಗೆ ಒಣಗಿ ಎಷ್ಟೇ ಗಟ್ಟಿಯಾಗಿದ್ದರೂ ಮಳೆಗೆ ಕರಗುವುದಿಲ್ಲವೇ? ಹಾಗೆಯೇ ಇದು.

ಸುಟ್ಟ ಇಟ್ಟಿಗೆ ಕರಗದು. ಬಣ್ಣಗಳಲ್ಲಿ ಈ ಸುಟ್ಟ ಇಟ್ಟಿಗೆಯ ಸ್ಥಾನ ಎರಡು ದ್ರವಗಳ ಪಾಲಿಯುರೆಥೇನ್ ಬಣ್ಣಕ್ಕೆ ಸಲ್ಲುತ್ತದೆ. ಪಾಲಿಯುರೆಥೇನುಗಳ ರಸಾಯನವನ್ನು ಜರ್ಮನಿಯಲ್ಲಿ 1937ರಲ್ಲಿ ಓಟ್ಟೋ ಬಾಯರ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದರು. ಬಣ್ಣವನ್ನೂ ಗಟ್ಟಿಕಾರಕವನ್ನೂ ಬೆರೆಸಿದೊಡನೆ ಅವುಗಳ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆ ಬಲೆಯನ್ನು ಪೆಟ್ರೋಲು ಬಿಡಿಸಲಾರದು. ಟ್ಯಾಂಕಿಗೆ ಬೇಕಾದುದು ಇದೇ.

ಆದರೆ ಆ ಗಟ್ಟಿಕಾರಕವು ಐಸೊಸಯನೇಟ್ ವರ್ಗಕ್ಕೆ ಸೇರಿದ ಪದಾರ್ಥ. ಸಿಂಪಡಿಸುವಾಗ ಅದು ಸೂಕ್ಷ್ಮ ಹನಿಗಳಾಗಿ ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತದೆ. ಕಸುಬಿನಿಂದ ಬರುವ ಆಸ್ತಮಾ ರೋಗದ ಮುಖ್ಯ ಕಾರಣಗಳಲ್ಲಿ ಈ ವರ್ಗವೂ ಒಂದು. ದೇಹ ಒಮ್ಮೆ ಇದಕ್ಕೆ ಒಗ್ಗದಾಯಿತೆಂದರೆ ಅನಂತರ ಅತ್ಯಲ್ಪ ಪ್ರಮಾಣವೂ ಉಸಿರುಗಟ್ಟಿಸಬಲ್ಲದು. ಮೂಗು ಇದರ ಸುಳಿವನ್ನು ಸಕಾಲದಲ್ಲಿ ಕೊಡುವುದಿಲ್ಲ. ಬಟ್ಟೆಯ ಮುಸುಕು ಇದನ್ನು ತಡೆಯುವುದಿಲ್ಲ. ತಕ್ಕ ಕಾರ್ಯಾಗಾರಗಳಲ್ಲಿ ಗಾಳಿಯನ್ನು ಹೊರಸೆಳೆಯುವ ಪ್ರತ್ಯೇಕ ಕೋಣೆಯಿರುತ್ತದೆ. ಕೆಲಸಗಾರನಿಗೆ ಹೊರಗಿನಿಂದ ಕೊಳವೆಯ ಮೂಲಕ ಶುದ್ಧ ಗಾಳಿ ಬರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಟುಂಬದ್ದು. ಬಣ್ಣದ ಗಟ್ಟಿಕಾರಕ ಅದೇ ಪದಾರ್ಥವಲ್ಲ, ಅದರಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ. ಹೆದರಿಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಆದರೆ ಆ ಕುಟುಂಬದ ಯಾವ ಪದಾರ್ಥವನ್ನೂ ಹಿತ್ತಿಲಿನಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸಿಂಪಡಿಸುವುದು ವಿವೇಕವಲ್ಲ. ಈಗ ಈ ಬಣ್ಣವೂ ಕೈಡಬ್ಬಿಯಲ್ಲಿಯೇ ದೊರೆಯುವುದುಂಟು. ಡಬ್ಬಿ ಚಿಕ್ಕದಾದ ಮಾತ್ರಕ್ಕೆ ಅದರ ಗುಣ ಬೇರೆಯಾಗದು.

"ಒಂದೇ ಸಲ ಹೊಡೆದರೆ ಏನಾದೀತು?" ಎಂದು ಕೇಳಬಹುದು. ಬಹುಮಂದಿಗೆ ಏನೂ ಆಗದಿರಬಹುದು. ಆದರೆ ಯಾರ ದೇಹ ಒಗ್ಗದಾದೀತೆಂಬುದು ಮುಂಚಿತವಾಗಿ ತಿಳಿಯದು. ಪಕ್ಕದ ಕೋಣೆಯಲ್ಲಿ ಮಲಗಿರುವ ಅಜ್ಜಿಯೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೊಂದಿದೆ: ನಮ್ಮ ಶ್ವಾಸಕೋಶವನ್ನು ಉಳಿಸಿಕೊಳ್ಳಲು ರಸ್ತೆ ಬದಿಯ ಅಂಗಡಿಯ ಹುಡುಗನ ಕೈಗೆ ಆ ವಿಷವನ್ನು ದಾಟಿಸುವುದು ನ್ಯಾಯವೇ? ಅಲ್ಲ. ಆದುದರಿಂದ ಕೂಲಿ ಎಷ್ಟೆಂದು ಕೇಳುವ ಮೊದಲು, ಬಣ್ಣ ಹೊಡೆಯುವವನಿಗೆ ಗಾಳಿಯ ಮುಖವಾಡವಿದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಬೇರೆ ಕಡೆ ಹೋಗಬೇಕು. ಸ್ವಲ್ಪ ಹೆಚ್ಚು ಹಣ ಕೊಡಬೇಕಾದರೆ ಕೊಡಬೇಕು.

ಹೀಗಾಗಿ ನಾನು ಹಾಕುವ ಗೆರೆ ಇದು. ಮಡ್‌ಗಾರ್ಡು, ಪಕ್ಕದ ಮುಚ್ಚಳ ಮುಂತಾದ, ಪೆಟ್ರೋಲು ತಗುಲದ ಭಾಗಗಳಿಗೆ ಒಂಟಿ ದ್ರವದ ಬಣ್ಣವನ್ನು ಬಯಲಿನಲ್ಲಿ, ತೆಳುವಾದ ಪದರಗಳಲ್ಲಿ, ಇದ್ದಿಲ ಸೋಸುಕವಿರುವ ಮುಖವಾಡ ಧರಿಸಿ ನೀವೇ ಹೊಡೆಯಿರಿ. ಟ್ಯಾಂಕನ್ನು ಉಜ್ಜಿ, ಕಾರ್ಯಾಗಾರದವರು ಸೂಚಿಸಿದ, ಗಟ್ಟಿಕಾರಕ ಬೇಡದ ಪ್ರೈಮರ್ ಬಳಿದು, ನಯಗೊಳಿಸಿ, ಅಲ್ಲಿಂದ ಮುಂದಿನದನ್ನು ಅವರಿಗೆ ಒಪ್ಪಿಸಿ.

ಎರಡನೆಯ ಸಲ ನಾನು ಹಾಗೆಯೇ ಮಾಡಿದೆ. ನಾಲ್ಕು ದಿನ ಉಜ್ಜಿದ ಟ್ಯಾಂಕನ್ನು ಕೊಂಡೊಯ್ದಾಗ, ಅಲ್ಲಿಯ ಹಿರಿಯ ಕೆಲಸಗಾರರು ಅದರ ಮೇಲೆ ಅಂಗೈಯಾಡಿಸಿ, "ಕೆಲಸ ಆಗಿಯೇ ಹೋಗಿದೆಯಲ್ಲ ಸ್ವಾಮಿ, ನಮ್ಮದು ಇನ್ನು ಅರ್ಧ ಗಂಟೆಯದು" ಎಂದರು. ಆ ಬಣ್ಣ ಹಲವು ಮಳೆಗಾಲಗಳನ್ನು ಕಂಡರೂ ಗುಳ್ಳೆಯೆದ್ದಿಲ್ಲ. ನಮ್ಮ ತರುಣರು ಕೈ ಕೆಸರು ಮಾಡಿಕೊಳ್ಳಲು ಹಿಂಜರಿಯಬಾರದು. ಎಲ್ಲಿ ಕೈ ತೆಗೆಯಬೇಕೆಂಬುದನ್ನೂ ತಿಳಿದಿರಬೇಕು.