ತುಂಬದ ಇಗರ್ಜಿ ಕಲಿಸುವ ಪಾಠ

ವಿಜ್ಞಾನದ ಮಹತ್ಕಾರ್ಯಗಳಿಗೆ ಮಹಾಸೌಧಗಳೇ ಬೇಕೆಂಬ ಭ್ರಮೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ತಿರುವನಂತಪುರದ ಬಳಿಯ ತುಂಬ ಗ್ರಾಮವು ಇದಕ್ಕೆ ತಕ್ಕ ಉತ್ತರವನ್ನು ಎಂದೋ ಕೊಟ್ಟಿದೆ. ಭೂಕಾಂತೀಯ ವಿಷುವದ್ರೇಖೆಯು ಹಾದುಹೋಗುವ ಈ ಕಡಲತೀರವನ್ನು ಡಾ. ವಿಕ್ರಮ ಸಾರಾಭಾಯಿಯವರು ಆರಿಸಿದಾಗ ಅಲ್ಲಿದ್ದುದು ಬೆಸ್ತರ ಗುಡಿಸಲುಗಳು ಮತ್ತು ಮೇರಿ ಮಗ್ದಲೀನರ ಇಗರ್ಜಿ. ಬಿಷಪ್ ಪೀಟರ್ ಬರ್ನಾರ್ಡ್ ಪಿರೇರಾ ಅವರೂ ಭಕ್ತಜನರೂ ಒಪ್ಪಿ ಬಿಟ್ಟುಕೊಟ್ಟ ಆ ಪ್ರಾರ್ಥನಾಮಂದಿರವೇ ಮೊದಲ ಪ್ರಯೋಗಶಾಲೆಯಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ಟು ಅಲ್ಲಿಂದ ಮೇಲೇರಿತು. ಇಗರ್ಜಿಯನ್ನು ಕೆಡವಲಿಲ್ಲ, ಇಂದು ಅದು ವಸ್ತುಸಂಗ್ರಹಾಲಯವಾಗಿ ನಿಂತಿದೆ. ನಮ್ಮ ಉಡುಪಿ ಸೀಮೆಯ ಯು. ಆರ್. ರಾಯರ ನೇತೃತ್ವದಲ್ಲಿ 1975ರ 'ಆರ್ಯಭಟ' ಸಿದ್ಧವಾದುದೂ ಬೆಂಗಳೂರು ಪೀಣ್ಯದ ಶೆಡ್ಡುಗಳಲ್ಲಿಯೇ.

ಸ್ಥಳದ ಗುಣವನ್ನರಿಯದೆ ಕಟ್ಟಿದರೆ ಏನಾದೀತು? ಅಂಟಾರ್ಕ್ಟಿಕದ ತೇಲುಹಿಮದ ಮೇಲೆ 1983-84ರಲ್ಲಿ ನಿರ್ಮಿಸಿದ 'ದಕ್ಷಿಣ ಗಂಗೋತ್ರಿ'ಯು ಹಿಮದಲ್ಲಿ ಹೂತುಹೋಗತೊಡಗಿ, ಕೆಲವೇ ವರ್ಷಗಳಲ್ಲಿ ಅದನ್ನು ತೊರೆಯಬೇಕಾಯಿತು. ಆ ಅನುಭವ ವ್ಯರ್ಥವಾಗಲಿಲ್ಲ. 2012ರಲ್ಲಿ ಸಿದ್ಧವಾದ 'ಭಾರತಿ'ಯನ್ನು ಬಂಡೆನೆಲದ ಮೇಲೆ ಕಂಬಗಳನ್ನೂರಿ, ಹಡಗಿನ 134 ಸರಕುಪೆಟ್ಟಿಗೆಗಳನ್ನು ಜೋಡಿಸಿ, ಮುಂದೊಂದು ದಿನ ಬಿಚ್ಚಿ ಒಯ್ಯಬಹುದಾದಂತೆ ಕಟ್ಟಿದರು.

ಈ ವಿವೇಕವು ಲಕ್ಷದ್ವೀಪದಂತಹ ಎಡೆಗಳಲ್ಲಿ ಇನ್ನೂ ಅಗತ್ಯವಾದುದು. ಅಲ್ಲಿಗೆ ಸಿಮೆಂಟು, ಕಬ್ಬಿಣಗಳೆಲ್ಲ ಕೊಚ್ಚಿಯಿಂದಲೋ ನಮ್ಮ ಮಂಗಳೂರಿನ ಹಳೆಯ ಬಂದರಿನಿಂದಲೋ ಸಮುದ್ರ ದಾಟಿ ಹೋಗಬೇಕು. ಹವಳದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಮಿತಿಮೀರಿ ಸೆಳೆದರೆ ಊರಿನ ಬಾವಿಗಳೇ ಉಪ್ಪಾಗುವುವು. ಕವರತ್ತಿಯಲ್ಲಿ 2005ರಲ್ಲಿ ಆಳಸಮುದ್ರದ ತಣ್ಣೀರನ್ನೇ ಬಳಸಿ ಕುಡಿಯುವ ನೀರು ಪಡೆಯುವ ಸ್ಥಾವರವನ್ನು ಸ್ಥಾಪಿಸಿದುದು ಸ್ಥಳಕ್ಕೊಪ್ಪುವ ಬುದ್ಧಿವಂತಿಕೆ.

ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆಯಲ್ಲಿ ದುಡಿದವನಿಗೆ, ಗಾಳಿಯಿಲ್ಲದ ಕಛೇರಿಯಲ್ಲಿ ಲೆಕ್ಕ ಬರೆದವನಿಗೆ, ನಕ್ಷೆ ಬರೆದವರ ತಪ್ಪನ್ನು ಅನುಭವಿಸುವವರು ಯಾರೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದುದರಿಂದ ದ್ವೀಪಗಳಲ್ಲಿ ಸಂಶೋಧನಾಲಯವನ್ನು ಕಟ್ಟಹೊರಡುವವರು ಮೊದಲು ಇರುವ ಕಟ್ಟಡವನ್ನು ಬಳಸಲಿ. ಹೊಸದು ಅನಿವಾರ್ಯವಾದರೆ ಮಳೆನೀರನ್ನು ಹಿಡಿಯುವ ಮಾಡನ್ನೂ ಕಡಲಗಾಳಿಗೆ ತೆರೆದ ಗೋಡೆಯನ್ನೂ ಕಟ್ಟಲಿ. ಕಸವನ್ನು ಮರಳಿ ಒಯ್ಯುವ ಖರ್ಚನ್ನು ಮೊದಲೇ ಅಂದಾಜಿನಲ್ಲಿ ಸೇರಿಸಲಿ. ತುಂಬದ ಬೆಸ್ತರು ದೇಶಕ್ಕಾಗಿ ನೆಲವನ್ನೂ ದೇಗುಲವನ್ನೂ ತೆತ್ತರು. ದ್ವೀಪವಾಸಿಗಳು ತಮ್ಮ ಬಾವಿಯ ನೀರನ್ನೂ ತೆರಬೇಕಾಗಿ ಬಂದರೆ, ಅಂತಹ ವಿಜ್ಞಾನವನ್ನು ಪ್ರಗತಿಯೆಂದು ಕರೆಯಲಾಗದು.