ತೋಟದ ಕೆರೆಯೂ ಮೀನು ಓದುವವರ ಕ್ರೆಡಿಟ್ಟೂ

ಮತ್ಸ್ಯವಿಜ್ಞಾನದ ಸ್ನಾತಕೋತ್ತರ ಪದವಿಗೆ ಎಷ್ಟು ಕ್ರೆಡಿಟ್ ಬೇಕೆಂಬ ವಿಚಾರ ಕಾಫಿ, ಅಡಿಕೆ ಬೆಳೆಗಾರರಿಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. ತೋಟದ ಕೆರೆಗೆ ಮೀನುಮರಿ ಬಿಟ್ಟವರು ಹಾಗೆ ಕೇಳಲಾರರು.

ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಇರಲಿ ಎಂದು ಕಟ್ಟಿಕೊಂಡ ಕೆರೆಯಲ್ಲಿ ಉಳಿದ ತಿಂಗಳು ನೀರು ಸುಮ್ಮನೆ ನಿಂತಿರುತ್ತದೆ. ಅದರಲ್ಲಿ ಕಾಟ್ಲಾ, ರೋಹು ಸಾಕಿದರೆ ನಾಲ್ಕು ಕಾಸು ಬರುವುದು ನಿಜ. ಆದರೆ ಅದೇ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆ ತುಕ್ಕಿಗೂ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತು ತಾಮ್ರ. ತಾಮ್ರ ಮೀನಿಗೆ ವಿಷ. ಅದೂ ಮಲೆನಾಡಿನ ಮೆದು ನೀರಿನಲ್ಲಿ ಹೆಚ್ಚು, ಸುಣ್ಣದಂಶವಿರುವ ಗಡಸು ನೀರಿನಲ್ಲಿ ಕಡಿಮೆ. ಆದುದರಿಂದ ನಮ್ಮ ಸೋಮನಹಳ್ಳಿಯ ಬಯಲಿನ ಹೊಂಡಕ್ಕೆ ಒಪ್ಪುವ ಸಲಹೆ ಮೂಡಿಗೆರೆಯ ತೋಟದ ಕೆರೆಗೆ ಒಪ್ಪಬೇಕೆಂದೇನೂ ಇಲ್ಲ. ಮೀನನ್ನೂ ತೋಟವನ್ನೂ ಒಟ್ಟಿಗೆ ಬಲ್ಲವರು ಬೇಕು.

ಅಂಥವರನ್ನು ತಯಾರು ಮಾಡುವ ಸಂಸ್ಥೆ ನಮ್ಮಲ್ಲಿಯೇ ಇದೆ. 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ದೇಶದಲ್ಲಿಯೇ ಮೊದಲನೆಯದು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2021ರಲ್ಲಿ ಹೊರತಂದ ಪಠ್ಯಕ್ರಮದಂತೆ ಎಂ.ಎಫ್.ಎಸ್ಸಿ.ಗೆ ಒಟ್ಟು 70 ಕ್ರೆಡಿಟ್. ಮುಖ್ಯ ವಿಷಯಕ್ಕೆ 20, ಅದಕ್ಕೆ ಹತ್ತಿರದ ಉಪವಿಷಯಕ್ಕೆ 8, ಪೂರಕ ವಿಷಯಕ್ಕೆ 6, ಸಾಮಾನ್ಯ ಪಾಠಗಳಿಗೆ 5, ಸೆಮಿನಾರಿಗೆ 1, ಪ್ರಬಂಧಕ್ಕೆ 30. ವಾರಕ್ಕೊಂದು ಗಂಟೆಯಂತೆ ಸೆಮಿಸ್ಟರ್ ಪೂರ್ತಿ ನಡೆಯುವ ಪಾಠಕ್ಕೆ ಒಂದು ಕ್ರೆಡಿಟ್ ಎಂಬುದು ಲೆಕ್ಕ.

ಈ ಲೆಕ್ಕವನ್ನು ಕೆಲವರು ಬರಿಯ ಕಾಗದದ ಕಟ್ಟುಪಾಡೆಂದು ಜರೆಯುತ್ತಾರೆ. ನಾನು ಒಪ್ಪುವುದಿಲ್ಲ. ನೀರಿನ ರಸಾಯನ, ಮೀನಿನ ಆಹಾರ, ರೋಗ ಇವನ್ನು ಕ್ರಮವಾಗಿ ಓದದವನ ಕೈಗೆ ನಮ್ಮ ಕೆರೆಯನ್ನು ಕೊಡಲಾದೀತೇ? ಕ್ರೆಡಿಟ್ ಕಡಿಮೆ ಮಾಡಿರೆಂದು ನಾವು ಕೇಳಬೇಕಾಗಿಲ್ಲ. ಅದನ್ನು ಎಲ್ಲಿ ಖರ್ಚು ಮಾಡುತ್ತೀರಿ ಎಂದು ಕೇಳಬೇಕು. ಪೂರಕ ವಿಷಯವನ್ನು ಮುಖ್ಯ ವಿಷಯದ ಹೊರಗಿನಿಂದ ಆರಿಸಿಕೊಳ್ಳಲು ಅವಕಾಶವಿದೆ. ಸಂಖ್ಯಾಶಾಸ್ತ್ರಕ್ಕೆ ಬೇಕಾದಷ್ಟು ಕೊಟ್ಟು, ಉಳಿದುದರಲ್ಲಿ ತೋಟದ ಬೆಳೆಗಳ ಸಸ್ಯರಕ್ಷಣೆ ಓದಿಸಬಹುದು. 30 ಕ್ರೆಡಿಟ್‌ನ ಪ್ರಬಂಧವನ್ನು ಕಾಲೇಜಿನ ತೊಟ್ಟಿಗಳಲ್ಲಿ ಮಾಡುವ ಬದಲು ಬೆಳೆಗಾರರ ಕೆರೆಯಲ್ಲಿ ಒಂದು ಮಳೆಗಾಲ ಮಾಡಿಸಬಹುದು. ಕಾಲೇಜಿನ ತೊಟ್ಟಿಯಲ್ಲಿ ಎಲ್ಲವೂ ಹಿಡಿತದಲ್ಲಿರುತ್ತದೆ, ರೈತರ ಕೆರೆಯಲ್ಲಿ ಇರುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ನಾವು ಮೀನು ಸಾಕಬೇಕಾದುದು ಹಿಡಿತವಿಲ್ಲದ ಆ ಕೆರೆಯಲ್ಲಿಯೇ.

ಕೊಳೆರೋಗಕ್ಕೆ ಮದ್ದು ದೊರೆತುದೂ ಹೀಗೆಯೇ. ಮಂಡ್ಯದ ಸಕ್ಕರೆ ಕಾರ್ಖಾನೆಗಾಗಿಯೂ ದುಡಿದ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಮೊದಲಲ್ಲಿ ಅಡಿಕೆ ತೋಟಕ್ಕೇ ಬಂದು ರೋಗವನ್ನು ಅಭ್ಯಸಿಸಿದರು. ಬೋರ್ಡೋ ಸಿಂಪಡಣೆ ನಮ್ಮಲ್ಲಿ ಬೇರೂರಿತು.

ನಮ್ಮ ಪಾಲಿನ ಕೆಲಸವೂ ಇದೆ. ಸಿಂಪಡಣೆಯ ಡ್ರಮ್ಮು, ಪಂಪುಗಳನ್ನು ಕೆರೆಯಲ್ಲಿ ತೊಳೆಯಬಾರದು. ಔಷಧಿ ಹೊಡೆದ ಪಟ್ಟೆಯ ನೀರು ಕೆರೆಗಿಳಿಯದಂತೆ ಬಸಿಗಾಲುವೆ ತಿರುಗಿಸಬೇಕು. ಹೊಡೆದ ದಿನಾಂಕ ಬರೆದಿಡಬೇಕು. ನಾಳೆ ಬರುವ ವಿದ್ಯಾರ್ಥಿಗೆ ಅದೇ ಮೊದಲ ಪಾಠ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಸಂಘವು ಈ ಕುರಿತು ಠರಾವು ಮಾಡಿ ವಿಶ್ವವಿದ್ಯಾಲಯಕ್ಕೆ ಕಳುಹಿಸಲಿ. ಪ್ರಯೋಗಕ್ಕೆ ಕೆರೆ ಬಿಟ್ಟುಕೊಡಲು ಸಿದ್ಧರಿರುವ ಸದಸ್ಯರ ಪಟ್ಟಿಯನ್ನೂ ಠರಾವಿನ ಜೊತೆಗಿಡಲಿ. ಬರಿಗೈಯಲ್ಲಿ ಕೇಳಿದ್ದಕ್ಕಿಂತ ಕೆರೆಯನ್ನು ಮುಂದಿಟ್ಟು ಕೇಳಿದ್ದಕ್ಕೆ ತೂಕ ಹೆಚ್ಚು.