ನಿಂತ ದಿನವೂ ಪಯಣದ ದಿನವೇ

ರಾತ್ರಿ ಒಂಬತ್ತು ಗಂಟೆಯಾಗುತ್ತಿದ್ದಂತೆ ಗುಂಡ್ಲುಪೇಟೆ ತಾಲ್ಲೂಕಿನ ಎರಡು ಹೆದ್ದಾರಿಗಳಲ್ಲಿ ಗೇಟು ಬೀಳುತ್ತದೆ. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ, ಕೇರಳ ರಸ್ತೆಯಲ್ಲಿ ಮದ್ದೂರು. ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ತುರ್ತು ವಾಹನಗಳನ್ನೂ ಬೆರಳೆಣಿಕೆಯ ಬಸ್ಸುಗಳನ್ನೂ ಬಿಟ್ಟರೆ ಬೆಳಿಗ್ಗೆ ಆರರವರೆಗೆ ಬಂಡೀಪುರದ ದಾರಿ ಆನೆ, ಜಿಂಕೆ, ಹುಲಿಗಳದು. 2009ರಲ್ಲಿ ಬಂದ ಈ ನಿರ್ಬಂಧವನ್ನು 2010ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅಂದಿನಿಂದ ದಿನಕ್ಕೆ ಒಂಬತ್ತು ಗಂಟೆ ರಸ್ತೆಗೇ ವಿಶ್ರಾಂತಿ.

ರಸ್ತೆಗೆ ಸಿಕ್ಕ ಈ ಭಾಗ್ಯ ಅದರ ಮೇಲೆ ಬೈಕ್ ಓಡಿಸುವ ಹುಡುಗನಿಗೆ ಮಾತ್ರ ಬೇಡವಾಗಿದೆ.

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದರು. ಈಗಿನ ಯುವಕ ಯುವತಿಯರು ದೇಶ ಸುತ್ತುವ ಮಾತನ್ನು ನಿಜಕ್ಕೂ ಮನಸ್ಸಿಗೆ ತೆಗೆದುಕೊಂಡಿದ್ದಾರೆ. ಬೆನ್ನಿಗೊಂದು ಚೀಲ, ಹಿಂದಿನ ಸೀಟಿಗೆ ಕಟ್ಟಿದ ಗಂಟು, ಒಂಟಿ ಸವಾರಿ, ಗುರಿ ಕಾಶ್ಮೀರ ಅಥವಾ ಲಡಾಖ್. ದಕ್ಷಿಣದಿಂದ ಹೊರಟವರಲ್ಲಿ ಬೆಟ್ಟದ ದಾರಿಯನ್ನು ಬಯಸುವವರು ವಯನಾಡಿನಿಂದಲೋ ನೀಲಗಿರಿಯಿಂದಲೋ ಇಳಿದು ಗುಂಡ್ಲುಪೇಟೆಗೆ ಬರುತ್ತಾರೆ. ಸತ್ಯಮಂಗಲದ ಕಡೆಯಿಂದ ಬಂದವರು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರ ಸೇರುತ್ತಾರೆ. ಕಾಡು ಮುಗಿದು ಬಯಲು ತೆರೆಯುವ ಊರುಗಳಿವು.

ಹೆದ್ದಾರಿ ಬದಿಯ ಚಹಾ ಅಂಗಡಿಯವರು ಅವರ ಮುಖ ನೋಡಿಯೇ ಕೇಳುವುದುಂಟು: ‘ಎಲ್ಲಿಗ್ ಹೊಂಟ್ರಿ ಸಾ? ಒಬ್ರೇಯಾ? ಇವತ್ತು ಇಲ್ಲೇ ಇದ್ದು ನಾಳೆ ಹೋಗಿ.’ ಸವಾರ ನಗುತ್ತಾನೆ, ಗಡಿಯಾರ ನೋಡುತ್ತಾನೆ, ಹೊರಡುತ್ತಾನೆ. ರಜೆ ಇರುವುದು ಎಣಿಸಿದಷ್ಟು ದಿನ. ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಗೆಳೆಯರ ಮುಂದೆ ಹೇಳಿಯಾಗಿದೆ. ಒಂದು ದಿನ ನಿಂತರೆ ಸೋತಂತೆ ಎಂಬ ಅಳುಕು.

ಚಾಮರಾಜನಗರಕ್ಕೆ ಇಂಥ ಅಳುಕಿನ ಪರಿಚಯ ಚೆನ್ನಾಗಿಯೇ ಇದೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಹಲವು ಬಾರಿ ಇಲ್ಲಿಗೆ ಬಂದುಹೋದರು. 2018ರವರೆಗೆ ಐದು ವರ್ಷವನ್ನೂ ಪೂರೈಸಿದರು. ನಿಂತರೆ ಕಳೆದುಕೊಳ್ಳುತ್ತೇನೆ ಎಂಬ ಸವಾರನ ಭಯವೂ ಅದೇ ಜಾತಿಯದು. ನಿಜವಾದ ಅಪಾಯವಿರುವುದು ನಿಲ್ಲದಿರುವುದರಲ್ಲಿ.

ಲೆಕ್ಕ ಸರಳ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ದಣಿದ ಕಣ್ಣು ಮೂರೇ ಸೆಕೆಂಡು ಮುಚ್ಚಿಕೊಂಡರೆ ಐವತ್ತು ಮೀಟರ್ ದೂರ ಬೈಕು ಸವಾರನಿಲ್ಲದೆ ಓಡಿದಂತೆ. ಕಾರಿನವನಿಗೆ ಸುತ್ತ ತಗಡಿನ ಗೋಡೆಯಾದರೂ ಇದೆ. ಬೈಕಿನವನಿಗೆ ಹೆಲ್ಮೆಟ್ಟೇ ಗತಿ.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಿದ್ದೆಗೇಡಿತನವನ್ನು ಕುಡಿತದೊಂದಿಗೆ ಹೋಲಿಸಿ ನೋಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದ ಕಾನೂನು ವಾಹನ ಓಡಿಸುವವರಿಗೆ ಗೊತ್ತುಮಾಡಿರುವ ಮಿತಿ ಶೇಕಡಾ 0.03. ಬೆಳಿಗ್ಗೆ ಐದಕ್ಕೆ ಎದ್ದವನು ರಾತ್ರಿ ಹತ್ತಕ್ಕೂ ಹ್ಯಾಂಡಲ್ ಹಿಡಿದಿದ್ದರೆ, ಒಂದು ಹನಿ ಕುಡಿಯದಿದ್ದರೂ ಅವನ ಸ್ಥಿತಿ ಆ ಮಿತಿಯನ್ನು ದಾಟಿದವನಂತೆ. ಇದನ್ನು ಹಿಡಿಯುವ ಪೊಲೀಸರಿಲ್ಲ, ಊದಿಸಿ ನೋಡುವ ಯಂತ್ರವೂ ಇಲ್ಲ. ತಾನೇ ತಿಳಿದು ನಿಲ್ಲಬೇಕು.

ಸಂಬಳಕ್ಕೆ ವಾಹನ ಓಡಿಸುವವರ ವಿಷಯದಲ್ಲಿ ಸರ್ಕಾರ ಇದನ್ನು ಎಂದೋ ಅರಿತಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಬೇಕೆಂದಿತು. ಒಂಟಿ ಸವಾರನಿಗೆ ಮಾಲೀಕನೂ ಅವನೇ, ಚಾಲಕನೂ ಅವನೇ. ಆ ಒಂದು ದಿನವನ್ನು ತನಗೆ ತಾನೇ ಮಂಜೂರು ಮಾಡಿಕೊಳ್ಳಬೇಕು. ಅದೂ ಮನೆಯಿಂದ ಹೊರಡುವ ಮುನ್ನವೇ. ಪಟ್ಟಿಯಲ್ಲಿ ಬರೆದಿಟ್ಟ ಬಿಡುವು ಬಿಡುವಾಗಿರುತ್ತದೆ. ಬರೆಯದ ಬಿಡುವು ಸೋಲಿನಂತೆ ಕಾಣುತ್ತದೆ. ಐದಾರು ದಿನಕ್ಕೊಂದು ದಿನ ಬೈಕನ್ನು ಸ್ಟ್ಯಾಂಡ್ ಮೇಲೇ ಬಿಡುವುದು ಒಳ್ಳೆಯ ಪದ್ಧತಿ.

ಆ ದಿನ ಕೆಲಸಕ್ಕೇನೂ ಬರವಿಲ್ಲ. ಟೈರಿನ ಗಾಳಿಯನ್ನು ಸರಿಯಾಗಿ ಅಳೆಯುವುದು ಟೈರು ತಣ್ಣಗಿದ್ದಾಗ. ಓಡಿ ಬಿಸಿಯಾದ ಟೈರು ಹೆಚ್ಚು ಒತ್ತಡ ತೋರಿಸಿ ಮೋಸ ಮಾಡುತ್ತದೆ. ಧೂಳು ಕಟ್ಟಿದ ಚೈನನ್ನು ಒರೆಸಿ ಎಣ್ಣೆ ಬಿಟ್ಟರೆ, ಅದು ಒಳಗಿಳಿಯಲೂ ಹೊತ್ತು ಬೇಕು. ಬ್ರೇಕು, ಕ್ಲಚ್ ಕೇಬಲ್ಲು, ಸಡಿಲಗೊಂಡ ನಟ್ಟು, ಸಾಮಾನು ಕಟ್ಟಿದ ಹಗ್ಗ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಬೇಕು. ಬಟ್ಟೆ ಒಗೆದು ಹರವಿ, ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಗಡದ್ದಾಗಿ ಮಲಗಬೇಕು.

ಉಳಿದ ಹೊತ್ತಿಗೆ ಊರಿದೆ. ಗುಂಡ್ಲುಪೇಟೆಯಲ್ಲಿ ತಂಗಿದವರು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬಹುದು. ಅಲ್ಲಿ ಸ್ವಂತ ವಾಹನಗಳು ತಪ್ಪಲಿನಲ್ಲೇ ನಿಲ್ಲುತ್ತವೆ. 1454 ಮೀಟರ್ ಎತ್ತರದ ನೆತ್ತಿಗೆ ಕರೆದೊಯ್ಯುವುದು ಸರ್ಕಾರಿ ಬಸ್ಸು. ದಿನವೆಲ್ಲ ರಸ್ತೆಯನ್ನೇ ದಿಟ್ಟಿಸಿದ ಕಣ್ಣಿಗೆ ಕಿಟಕಿಯಿಂದ ಕಾಡು ನೋಡುವ ಸುಖ. ಚಾಮರಾಜನಗರದಲ್ಲಿ ನಿಂತವರಿಗೆ ಚಾಮರಾಜೇಶ್ವರ ದೇವಾಲಯವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆಂದು 1826ರಲ್ಲಿ ಕಟ್ಟಿಸಿದ ಗುಡಿ. ಅರಿಕುಠಾರ ಎಂದಿದ್ದ ಊರಿಗೆ ಈಗಿನ ಹೆಸರು ಬಂದದ್ದೂ ಆ ತಂದೆಯಿಂದಲೇ. ಆಷಾಢದಲ್ಲಿ ಬಂದವರಿಗೆ ನವದಂಪತಿಗಳು ಕಿಕ್ಕಿರಿಯುವ ಅಲ್ಲಿನ ತೇರು ಕಾಣಸಿಗುತ್ತದೆ. ವೇಗವಾಗಿ ದಾಟಿ ಹೋದವನಿಗೆ ಇವೆಲ್ಲ ಬರೀ ನಾಮಫಲಕ. ದೇಶ ಸುತ್ತಿದ ಲೆಕ್ಕಕ್ಕೆ ಸೇರುವುದಿಲ್ಲ.

ಮನೆಯಲ್ಲಿ ಕಾಯುವ ತಂದೆತಾಯಿಗಳ ಪಾತ್ರವೂ ದೊಡ್ಡದು. ಹೊರಟವರನ್ನು ತಡೆಯುವುದು ಕಷ್ಟ, ತಡೆಯಬೇಕಾಗಿಯೂ ಇಲ್ಲ. ಆದರೆ ಫೋನಿನಲ್ಲಿ ‘ಇವತ್ತು ಎಷ್ಟು ದೂರ ಹೋದೆ ಮಗಾ?’ ಎಂದು ಕೇಳಿದರೆ ಮಗನ ಮನಸ್ಸು ಕಿಲೋಮೀಟರ್ ಕಡೆಗೇ ಓಡುತ್ತದೆ. ‘ನಿದ್ದೆ ಆಯ್ತಾ? ಯಾವಾಗ ಬಿಡುವು?’ ಎಂದು ಕೇಳಿದರೆ, ನಿಲ್ಲಲು ಮನೆಯ ಒಪ್ಪಿಗೆ ಸಿಕ್ಕಂತೆ. ಸುಸ್ತಾಗಿದೆ ಎಂದು ಮಕ್ಕಳು ಹೇಳಿಕೊಂಡಾಗ ‘ಮೊದಲೇ ಹೇಳಿರಲಿಲ್ಲವೇ’ ಎಂದು ಗದರಿದರೆ, ಮರುದಿನದಿಂದ ಅವರು ಸುಸ್ತನ್ನು ಮುಚ್ಚಿಡುತ್ತಾರೆ. ಅಪಾಯ ಹುಟ್ಟುವುದೇ ಅಲ್ಲಿ.

ಕೋಶ ಓದುವವರಿಗೂ ಇದೇ ನಿಯಮ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರಲು ನಿದ್ದೆ ಬೇಕೆಂದು ವಿಜ್ಞಾನ ಹೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದಿದ ವಿದ್ಯಾರ್ಥಿಗೆ ಮರುದಿನ ಪ್ರಶ್ನೆಪತ್ರಿಕೆ ಕಂಡರೂ ಉತ್ತರ ಹೊಳೆಯುವುದಿಲ್ಲ. ವೇಳಾಪಟ್ಟಿಯಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಜಾಗವಿರುವಂತೆ ಬಿಡುವಿಗೂ ಒಂದು ಸಾಲು ಇರಲಿ. ಆ ಸಾಲನ್ನು ಅಪ್ಪ ಅಮ್ಮ ಅಳಿಸದಿರಲಿ.

ಬೆಳಿಗ್ಗೆ ಆರಕ್ಕೆ ಗೇಟು ಏಳುತ್ತದೆ. ರಾತ್ರಿಯಿಡೀ ನಿಂತಿದ್ದ ಲಾರಿಗಳು ಕಾಡಿನತ್ತ ಹೊರಡುತ್ತವೆ. ಒಂದು ದಿನ ಉಳಿದು, ಚೆನ್ನಾಗಿ ಮಲಗೆದ್ದ ಸವಾರನೂ ಅದೇ ಹೊತ್ತಿಗೆ ಗಂಟು ಬಿಗಿದು ಉತ್ತರಕ್ಕೆ, ಮೈಸೂರಿನ ದಾರಿ ಹಿಡಿಯುತ್ತಾನೆ. ಕಾಶ್ಮೀರ ಎಲ್ಲಿಗೂ ಓಡಿಹೋಗುವುದಿಲ್ಲ. ಹೋದವನು ಹಿಂದಿರುಗಿ ಬರಬೇಕು, ಅಷ್ಟೆ.